ಬಾವಿಗಿಳಿಯುವ ಚಿಕ್ಕಮುನಿಯಪ್ಪ

ಮಾದನಾಯಕನಹಳ್ಳಿಯ ಸುತ್ತ ಯಾರ ಮನೆ ಬಿಂದಿಗೆ ಬಾವಿಗೆ ಬಿದ್ದರೂ ಚಿಕ್ಕಮುನಿಯಪ್ಪನಿಗೇ ಹೇಳಿಕಳಿಸುತ್ತಿದ್ದರು. ಉಸಿರು ಬಿಗಿಹಿಡಿದು ತಳ ಮುಟ್ಟಿ ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನುಷ್ಯರು ಬಿದ್ದಾಗಲೂ ಅವನೇ ಇಳಿಯಬೇಕು. ಆದರೆ ಸುದ್ದಿ ತಿಳಿದು ಅವನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಹದಿನೆಂಟು ವರ್ಷದಲ್ಲಿ ಹನ್ನೊಂದು ಜನರನ್ನು ಮೇಲೆ ತಂದಿದ್ದ, ಒಬ್ಬರಲ್ಲೂ ಜೀವವಿರಲಿಲ್ಲ. ಶುಭಕಾರ್ಯಕ್ಕೆ ಹೊರಟವರು ಅವನು ಎದುರಾದರೆ ಒಂದು ಗಳಿಗೆ ನಿಂತು ಹೋಗುತ್ತಿದ್ದರು. ಅದು ಗೊತ್ತಿದ್ದೇ ಅವನು ಹಿತ್ತಲ ದಾರಿ ಹಿಡಿಯುತ್ತಿದ್ದ.

ಎಂಬತ್ತೊಂದನೇ ಇಸವಿಯಲ್ಲಿ ಊರಿನ ಚಿನ್ನಪ್ಪ ಏಳೆಂಟು ಜನರನ್ನು ಸೇರಿಸಿ, ಗಾಯಾಳುಗಳನ್ನು ಆಸ್ಪತ್ರೆಗೆ ಸಾಗಿಸಲು ಒಂದು ತಂಡ ಕಟ್ಟಿದ. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರು. ಪ್ರಥಮ ಚಿಕಿತ್ಸೆ ಅಲ್ಲೇ ಕಲಿತದ್ದು. ತುಮಕೂರು ರಸ್ತೆಯಲ್ಲಿ ಲಾರಿ ಮಗುಚಿದರೆ ಆಂಬುಲೆನ್ಸ್ ಬೆಂಗಳೂರಿಂದಲೇ ಬರಬೇಕಿತ್ತು. ಕಾರ್ಖಾನೆಯವರು ಮೂಲೆಗೆ ತಳ್ಳಿದ್ದ ಹಳೇ ವ್ಯಾನೊಂದನ್ನು ಕೇಳಿ ತಂದು, ತಾನೇ ರಿಪೇರಿ ಮಾಡಿ, ಬಿದಿರಿಗೆ ಗೋಣಿತಾಟು ಹೊಲಿದು ಸ್ಟ್ರೆಚರ್ ಮಾಡಿದ. ಆಮೇಲೆ ಚಿಕ್ಕಮುನಿಯಪ್ಪನ ಮನೆಗೆ ಬಂದ.

"ಅಣ್ಣ, ನೀನೂ ನಮ್ ಜೊತೆ ಬರ್ಬೇಕು."

"ಎಣ ಎತ್ತೋನು ಕಣಪ್ಪ ನಾನು. ನನ್ ಮುಖ ಕಂಡ್ರೆ ಗಾಯ ಆದೋನೂ ಎದ್ರಿಕೊಂಡು ಸಾಯ್ತಾನೆ."

"ನೀನು ತಡ ಮಾಡ್ಲಿಲ್ಲಣ್ಣ. ನಿಂಗೆ ತಡವಾಗಿ ಹೇಳ್ತಿದ್ರು, ಅಷ್ಟೇ."

ಆ ಮಾತು ಚಿಕ್ಕಮುನಿಯಪ್ಪನಿಗೆ ನಾಟಿತು. ಭಾನುವಾರಗಳಲ್ಲಿ ಶಾಲೆಯ ಜಗಲಿಯ ಮೇಲೆ ಚಿನ್ನಪ್ಪ ಹೇಳಿಕೊಟ್ಟದ್ದನ್ನೆಲ್ಲ ಕಲಿತ: ಬ್ಯಾಂಡೇಜು ಸುತ್ತುವುದು, ಮುರಿದ ಕಾಲಿಗೆ ದಬ್ಬೆ ಕಟ್ಟುವುದು, ಬಾಯಿಗೆ ಬಾಯಿಟ್ಟು ಉಸಿರು ತುಂಬುವುದು. ಕೊನೆಯದನ್ನು ಕಂಡು ಅವನ ಹೆಂಡತಿ ಅಂಜಿನಮ್ಮ ಸೆರಗು ಬಾಯಿಗಿಟ್ಟು ನಕ್ಕಿದ್ದಳು.

ಮಾರನೇ ವರ್ಷ, ದೀಪಾವಳಿ ಕಳೆದ ಮೇಲೆ, ಒಂದು ಬೆಳಿಗ್ಗೆ ರಸ್ತೆ ಪಕ್ಕದ ಹೊಲದಲ್ಲಿ ಹೂ ಬೆಳೆಯುವ ನಂಜಪ್ಪನ ಹೆಂಡತಿ ರಾಮಕ್ಕ ಕನಕಾಂಬರಕ್ಕೆ ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದಳು. ನಂಜಪ್ಪನ ಕೂಗು ಕೇಳಿ, ತಂಡದವರನ್ನು ಕೂರಿಸಿಕೊಂಡು ರಸ್ತೆಯಲ್ಲಿ ಹೋಗುತ್ತಿದ್ದ ವ್ಯಾನು ಹೊಲಕ್ಕೇ ನುಗ್ಗಿತು. ಚಿಕ್ಕಮುನಿಯಪ್ಪ ಹಗ್ಗ ಸೊಂಟಕ್ಕೆ ಬಿಗಿದು ಧುಮುಕಿ, ಎರಡನೇ ಮುಳುಗಿಗೆ ಅವಳ ಜಡೆ ಹಿಡಿದು ಎಳೆದು ತಂದ. ದಡದ ಮೇಲೆ ಮಲಗಿಸಿದರೆ ಉಸಿರಿಲ್ಲ.

"ಓಯ್ತು ಕಣ್ರಪ್ಪ, ಬಟ್ಟೆ ಮುಚ್ರಿ," ಎಂದರು ಹಿರಿಯರಾದ ಹನುಮಂತಯ್ಯ.

ಚಿಕ್ಕಮುನಿಯಪ್ಪ ನಂಜಪ್ಪನ ಮುಖ ನೋಡಿದ. ಪರ ಹೆಂಗಸು, ಸುತ್ತ ಊರೆಲ್ಲ ನಿಂತಿದೆ.

"ಏನಾದ್ರೂ ಮಾಡಣ್ಣ!" ಎಂದ ನಂಜಪ್ಪ.

ಚಿಕ್ಕಮುನಿಯಪ್ಪ ಅವಳ ಬಾಯೊಳಗಿನ ಕೆಸರು ತೆಗೆದು, ಮೂಗು ಹಿಡಿದು, ಉಸಿರು ಊದಿದ. ಮತ್ತೆ ಮತ್ತೆ ಊದಿದ. ಅವನ ಕಣ್ಣು ಕತ್ತಲಿಟ್ಟುಕೊಂಡು ಬರುವ ಹೊತ್ತಿಗೆ ರಾಮಕ್ಕ ಕೆಮ್ಮಿದಳು, ನೀರು ಕಾರಿದಳು, ಕಣ್ಣು ಬಿಟ್ಟಳು. ಅವಳನ್ನು ವ್ಯಾನಿಗೆ ಹಾಕಿ ಆಸ್ಪತ್ರೆಗೆ ಕರೆದೊಯ್ದರು. ದಾರಿಯುದ್ದಕ್ಕೂ ಚಿಕ್ಕಮುನಿಯಪ್ಪ ಅವಳ ಪಕ್ಕದಲ್ಲೇ ಕೂತಿದ್ದ. ಅಳು ಬಂದರೂ ತಡೆದುಕೊಳ್ಳಲಿಲ್ಲ.

ಎಂಟು ದಿನಕ್ಕೆ ರಾಮಕ್ಕ ಮಡಿಲಲ್ಲಿ ಅವರೆಕಾಯಿ ತುಂಬಿಕೊಂಡು ಅವನ ಮನೆಗೆ ಬಂದಳು. "ಅಲ್ಲಣ್ಣಯ್ಯ, ಜಡೆ ಅಂಗಾ ಎಳೆಯೋದು? ತಲೆ ಇನ್ನೂ ನೋಯ್ತೈತೆ," ಎಂದು ಗದರಿ, ತಾನೇ ನಕ್ಕು, ಅಂಜಿನಮ್ಮನ ಜೊತೆ ಕಾಯಿ ಸುಲಿಯುತ್ತ ಕೂತಳು.

ಮುಂದಿನ ಆರು ವರ್ಷ ಚಿಕ್ಕಮುನಿಯಪ್ಪ ವ್ಯಾನಿನಲ್ಲಿ ಚಿನ್ನಪ್ಪನ ಪಕ್ಕದಲ್ಲೇ ಕೂತ. ಲಾರಿಯಡಿ ಸಿಕ್ಕಿದವರನ್ನು, ಬೇನೆ ತಿನ್ನುವ ಬಸುರಿಯರನ್ನು ಸಾಗಿಸಿದ. ಬಿಡುವಿದ್ದಾಗ ಇಡೀ ತಂಡವನ್ನು ಕರೆದೊಯ್ದು ಹೊಲದ ಬಾವಿಗಳಿಗೆ ಕಲ್ಲಿನ ಕಟ್ಟೆ ಕಟ್ಟಿಸಿದ. ವಾರಗಟ್ಟಲೆ ಒಂದೂ ಕರೆ ಬಾರದಿದ್ದರೆ ಎಲ್ಲರೂ ಸೇರಿ ವ್ಯಾನು ತೊಳೆದು, ಹೊಂಗೆಯ ನೆರಳಲ್ಲಿ ಟವಲು ಹಾಸಿ ಮಲಗುತ್ತಿದ್ದರು. ಚಿಕ್ಕಮುನಿಯಪ್ಪನಷ್ಟು ಗಾಢವಾಗಿ ಇನ್ಯಾರೂ ನಿದ್ದೆ ಮಾಡುತ್ತಿರಲಿಲ್ಲ.