ನನಗೆ ಈಜು ಬರುತ್ತದೆಯೇ?

ಫಾರಂನಲ್ಲಿದ್ದ ಪ್ರಶ್ನೆ ಒಂದೇ ಸಾಲಿನದು. ‘ನಿಮಗೆ ಈಜು ಬರುತ್ತದೆಯೇ?’ ಮುಂದೆ ಎರಡು ಚೌಕ, ಯೆಸ್ ಮತ್ತು ನೋ. ಒಂದಕ್ಕೆ ಟಿಕ್ ಹಾಕಿ ಸಹಿ ಮಾಡಬೇಕು.

ನಾನು ಪೆನ್ನು ಹಿಡಿದು ನಿಂತೇ ಇದ್ದೆ.

ಜಾಗ ಫಿಲಿಪೈನ್ಸ್‌ನ ಒಂದು ಪುಟ್ಟ ದ್ವೀಪ. ಮದುವೆಯಾಗಿ ಇಪ್ಪತ್ತೈದು ವರ್ಷವಾಯಿತೆಂದು ಹೆಂಡತಿ ಸುಧಾ, ಮಗಳು ದೀಪಾ ಮತ್ತು ನಾನು ಪ್ಯಾಕೇಜ್ ಟೂರ್‌ನಲ್ಲಿ ಹೋಗಿದ್ದೆವು. ಅಲ್ಲಿಯದು ಸುಣ್ಣಕಲ್ಲಿನ ನೆಲ. ಮಳೆನೀರು ಸಾವಿರಾರು ವರ್ಷ ಕಲ್ಲನ್ನು ಕರಗಿಸಿ ಒಳಗೆ ಗವಿ ಮಾಡಿದೆ. ಆಮೇಲೆ ಗವಿಯ ಮೇಲ್ಭಾಗ ಕುಸಿದು ಬಾವಿಯಂಥ ದುಂಡನೆಯ ಗುಂಡಿಗಳಾಗಿವೆ. ಒಳಗೆ ನೀಲಿ ನೀರು, ಅಂಚಿನಿಂದ ಇಳಿಬಿದ್ದ ಮರದ ಬೇರು. ದೇಶ ವಿದೇಶದ ಜನ ಬಂದು ಅದರೊಳಗೆ ಈಜುತ್ತಾರೆ. (ನೆಲದಲ್ಲಿ ಗುಂಡಿ ಎಂದರೆ ನಮಗೇನು ಹೊಸದೇ? ಕೆಜಿಎಫ್‌ನಲ್ಲಿ ಮನುಷ್ಯರು ತೋಡಿದ್ದು, ಇಲ್ಲಿ ಮಳೆ ತೋಡಿದ್ದು ಎಂದೆ. ಗಣಿ ಕಾರ್ಮಿಕನ ಮಗಳಾದ ಸುಧಾಗೆ ಈ ಜೋಕು ಹಿಡಿಸಲಿಲ್ಲ.)

“ಇದಕ್ಕೂ ಯೋಚನೆನಾ? ಹಿಂದೆ ಕ್ಯೂ ನಿಂತಿದೆ. ಪೋದುಂ, ಸಾಕು, ಟಿಕ್ ಹಾಕ್ರಿ” ಎಂದಳು. ಸಿಟ್ಟು ಬಂದಾಗ ಅವಳ ಬಾಯಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ತಮಿಳು ಬರುತ್ತದೆ.

“ಅಪ್ಪಂಗೆ ಈಜು ಬರುತ್ತಲ್ಲಮ್ಮ. ನಾಲ್ಕೇ ದಿನದಲ್ಲಿ ಕಲಿತಿದ್ದು” ಎಂದಳು ದೀಪಾ. ದನಿಯಲ್ಲಿ ಸ್ವಲ್ಪ ಕೊಂಕು ಇತ್ತು.

ಆ ಕೊಂಕಿಗೆ ಕಾರಣ ಇದೆ. ದೀಪಾಗೆ ಚಿಕ್ಕಂದಿನಿಂದ ನೀರೆಂದರೆ ಭಯ. ನೀರು ಮಾತ್ರವಲ್ಲ, ಸ್ಕೂಟರ್, ಸ್ಟೇಜು, ಇಂಟರ್‌ವ್ಯೂ ಎಲ್ಲಕ್ಕೂ ಭಯ. ಅವಳು ಹೆದರಿದಾಗಲೆಲ್ಲ ನಾನು ಹೇಳಿದ ಮಾತು ಒಂದೇ: “ನಾನು ನಾಲ್ಕೇ ದಿನದಲ್ಲಿ ಬಾವಿಯಲ್ಲಿ ಈಜು ಕಲಿತವನು. ನಿನಗೇನಾಗಿದೆ?”

ಬಾವಿ ಇದ್ದದ್ದು ಕ್ಯಾಸಂಬಳ್ಳಿಯ ಹತ್ತಿರ, ತಾಯಿಯ ತವರಿನಲ್ಲಿ. ಕಲಿಸಿದ್ದು ಮುನಿಶಾಮಪ್ಪ ಮಾವ. ಒಣಗಿದ ಕತ್ತಾಳೆ ಬೆಂಡನ್ನು ಬೆನ್ನಿಗೆ ಕಟ್ಟಿ ನೀರಿಗೆ ಬಿಡುವುದು ಅಲ್ಲಿಯ ಪದ್ಧತಿ. ಬೆಂಡು ಹಗುರ, ಮುಳುಗಲು ಬಿಡುವುದಿಲ್ಲ. ಆದರೆ ಮಾವ ದಿನಾ ಕುಡುಗೋಲಿನಿಂದ ಅದರಲ್ಲೊಂದು ಗೇಣು ಕತ್ತರಿಸುತ್ತಿದ್ದ, ನನಗೂ ಅಣ್ಣನಿಗೂ ಹೇಳದೆ. ನಾಲ್ಕನೇ ದಿನ ಬೆನ್ನ ಮೇಲೆ ಏನೂ ಇರಲಿಲ್ಲ. ಹೊಟ್ಟೆಯ ಕೆಳಗೆ ಮಾವನ ಒರಟು ಕೈ ಇತ್ತು. ಆಮೇಲೆ ಆ ಕೈಯೂ ಇರಲಿಲ್ಲ. ನಾನು ಈಜುತ್ತಿದ್ದೆ.

ಎಷ್ಟು ಚೆನ್ನಾಗಿದೆಯಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ, ಪೆನ್ನು ಹಿಡಿಯುವ ತನಕ.

ಆ ನೆನಪನ್ನು ಕಣ್ಣ ಮುಂದೆ ತಂದುಕೊಂಡಾಗ ನನಗೆ ಕಾಣುವುದು ಬಾವಿಯ ನೀರಿನಲ್ಲಿ ಹೋಗುತ್ತಿರುವ ಒಂದು ಒದ್ದೆ ತಲೆ. ಮೇಲಿನಿಂದ. ನನ್ನ ತಲೆ ನನಗೆ ಮೇಲಿನಿಂದ ಹೇಗೆ ಕಾಣುತ್ತದೆ? ಈಜುತ್ತಿದ್ದವನು ನಾನಾದರೆ ನೋಡುತ್ತಿದ್ದವನು ಯಾರು? ಆ ಬೇಸಿಗೆಯ ನಂತರ ನಾನು ಎಲ್ಲಿಯೂ ಈಜಿದ ನೆನಪಿಲ್ಲ. ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡಿ ಎಂದು ಬಂಗಾರಪೇಟೆಯ ಹುಡುಗರಿಗೆ ಇಪ್ಪತ್ತೆಂಟು ವರ್ಷ ಫಿಸಿಕ್ಸ್ ಕಲಿಸಿದವನು ನಾನು.

ಯೆಸ್‌ಗೆ ಟಿಕ್ ಹಾಕಿದೆ. ಮಗಳು ನೋಡುತ್ತಿದ್ದಳಲ್ಲ.

ನೋ ಎಂದವರಿಗೆ ಲೈಫ್ ಜಾಕೆಟ್ ಕಡ್ಡಾಯ. ದೀಪಾ ಜಾಕೆಟ್ ಹಾಕಿಕೊಂಡು ಏಣಿಯ ಕಂಬಿ ಹಿಡಿದು ನಿಂತಳು. “ಅಪ್ಪ, ನೀವು ಮೊದಲು ಇಳೀರಿ. ಆಮೇಲೆ ನಾನು.” ಬೇರೆ ದಾರಿಯೇ ಇರಲಿಲ್ಲ, ಜಾಕೆಟ್ ಇಲ್ಲದೆ ಇಳಿದೆ. ನೀರು ಎದೆಗೆ ಬಂತು. ಏಣಿಯ ಕೊನೆಯ ಮೆಟ್ಟಿಲಿನ ಕೆಳಗೆ ಕಾಲಿಗೆ ನೆಲ ಸಿಗಲಿಲ್ಲ. ಆ ದಡದಿಂದ ಈ ದಡಕ್ಕೆ ಒಂದು ಹಗ್ಗ ಕಟ್ಟಿದ್ದರು. ಹಿಡಿದುಕೊಂಡೆ. ದೀಪಾ ಪಕ್ಕದಲ್ಲಿ ಇಳಿದಳು, ಕೂಗಿದಳು, ಅತ್ತಳು, ಆಮೇಲೆ ನಗುತ್ತಾ ತೇಲಿದಳು.

“ಅಪ್ಪ, ಈಜಿ.”

“ತಿಂಡಿ ತಿಂದು ಒಂದು ಗಂಟೆಯೂ ಆಗಿಲ್ಲಮ್ಮ” ಎಂದೆ.

ಊರಿಗೆ ಬಂದ ಮೂರನೇ ದಿನ ಕ್ಯಾಸಂಬಳ್ಳಿಯ ಬಸ್ ಹತ್ತಿದೆ. ಮಾವನಿಗೆ ಎಂಬತ್ತು ದಾಟಿದೆ. ಡೇರಿಗೆ ಹಾಲು ಹಾಕಿ ಬಂದು ಜಗಲಿಯ ಮೇಲೆ ಕೂತಿದ್ದ.

“ಮಾವ, ನಂಗೆ ಈಜು ಕಲಿಸಿದ್ದು ಜ್ಞಾಪಕ ಇದೆಯಾ?”

“ಯಾಕ್ಲಾ, ಈಗ ಸರ್ಟಿಫಿಕೇಟು ಬೇಕಾ?”

“ನಾಲ್ಕನೇ ದಿನ ಬೆಂಡು ಪೂರ್ತಿ ತೆಗೆದಿದ್ದೆಯಾ?”

“ನಾಕು ದಿನಾನಾ? ಇಡೀ ಬೇಸ್ಗೆ ಆಯ್ತು ಕಣ್ಲಾ. ನಿನ್ನಂಥ ಪುಕ್ಲನ್ನ ನಾನು ನೋಡೇ ಇಲ್ಲ.”

ಒಳಗಿನಿಂದ ಅತ್ತೆಯ ದನಿ ಬಂತು. “ನೀವು ಕಲ್ಸಿದ್ದು ಇವನಿಗಲ್ಲ. ಇವನು ನೀರಿಗೇ ಇಳೀತಿರ್ಲಿಲ್ಲ, ಮೆಟ್ಲ ಮ್ಯಾಲೆ ಬಟ್ಟೆ ಕಾಯ್ತಾ ಕೂತಿರ್ತಿದ್ದ. ಈಜ್ತಿದ್ದೋನು ಇವ್ರಣ್ಣ.”

“ನಿಂಗೇನ್ ಗೊತ್ತಮ್ಮಿ? ಬಾವಿ ತಾವ ನೀನ್ಯಾವತ್ತು ಬಂದಿದ್ದೆ?”

“ದಿನಾ ಮುದ್ದೆ ತಂದ್ಕೊಡ್ತಿದ್ದೋಳು ನಿಮ್ಮಕ್ಕನಾ?”

ಇಬ್ಬರೂ ಅರ್ಧ ಗಂಟೆ ಜಗಳವಾಡಿದರು. ಅಣ್ಣನನ್ನು ಕೇಳೋಣವೆಂದರೆ ಅವನು ತೀರಿಕೊಂಡು ಆರು ವರ್ಷ. ಹಾಗಾದರೆ ನಾನು ಮೇಲಿನಿಂದ ನೋಡಿದ ಆ ಒದ್ದೆ ತಲೆ ಅವನದೇ? ಅವನ ಈಜನ್ನು ನನ್ನದೆಂದುಕೊಂಡು ಇಷ್ಟು ವರ್ಷ ಮಗಳನ್ನು ಹಂಗಿಸಿದೆನೇ?

ಕೊನೆಯ ಸಾಕ್ಷಿಯನ್ನು ಹೊರತೆಗೆದೆ. “ಮಾವ, ಹೊಟ್ಟೆ ಕೆಳಗೆ ನೀನು ಕೈ ಕೊಟ್ಟಿದ್ದೆಯಲ್ಲ? ಒರಟು ಕೈ. ಇವತ್ತಿಗೂ ನನ್ನ ಮೈಗೆ ಗೊತ್ತಿದೆ.”

ಮಾವ ಕೆಮ್ಮು ಬರುವ ತನಕ ನಕ್ಕ. “ನಾನ್ಯಾವಾಗ್ಲಾ ನೀರಿಗಿಳಿದೆ? ನಂಗೆಲ್ಲಿ ಈಜು ಬತ್ತದೆ? ಹಗ್ಗ ಇಡ್ಕಂಡು ಮೆಟ್ಲ ಮ್ಯಾಲೆ ನಿಂತು ಬೈತಿದ್ದೆ, ಅಷ್ಟೇ.”

ಇದೊಂದು ವಿಷಯದಲ್ಲಿ ಅತ್ತೆಯೂ ಮಾವನೂ ಒಂದಾದರು. ಮಾವ ನೀರಿಗೆ ಇಳಿದವನೇ ಅಲ್ಲ.

ಹಾಗಾದರೆ ಆ ಕೈ ಯಾರದು? ಬಸ್ಸಿನಲ್ಲಿ ಬಂಗಾರಪೇಟೆಯ ತನಕ ಅದೇ ಯೋಚನೆ. ಬಟ್ಟೆ ಕಾಯುತ್ತಾ ಕೂತವನ ಹೊಟ್ಟೆಗೆ ಕೈ ಯಾಕೆ ತಗಲುತ್ತದೆ? ಇಳಿದದ್ದೇ ನಿಜವಾದರೆ, ಹಿಡಿದವರು ಯಾರು? ನೀರಿನಲ್ಲಿ ಇದ್ದದ್ದು ಇನ್ನು ಅಣ್ಣ ಒಬ್ಬನೇ. ಹನ್ನೆರಡು ವರ್ಷದ ಹುಡುಗನ ಕೈ ಒರಟಾಗಿರುತ್ತದೆಯೇ? (ನಮ್ಮಣ್ಣನದು ಇತ್ತೋ ಏನೋ. ನೋಡಿದ ನೆನಪಿಲ್ಲ.)

ಗೇಟು ತೆಗೆಯುವಾಗ ದೀಪಾ ಪಕ್ಕದ ಮನೆಯ ಆಂಟಿಗೆ ಹೇಳುತ್ತಿದ್ದಳು. “ಇನ್ನು ನಂಗೆ ಭಯ ಇಲ್ಲ ಆಂಟಿ. ಸೋಮವಾರದಿಂದ ಸ್ವಿಮ್ಮಿಂಗ್ ಕ್ಲಾಸಿಗೆ ಸೇರ್ಕೊಳ್ತಿದ್ದೀನಿ. ಫಿಲಿಪೈನ್ಸ್‌ನಲ್ಲಿ ಆ ಗುಂಡಿ ನೀರಲ್ಲಿ ಅಪ್ಪ ನನ್ನ ಹೊಟ್ಟೆ ಕೆಳಗೆ ಕೈ ಕೊಟ್ಟು ಹಿಡ್ಕೊಂಡಿದ್ರು. ಯಾವಾಗ ಕೈ ತೆಗೆದ್ರೋ, ಗೊತ್ತೇ ಆಗ್ಲಿಲ್ಲ.”

ನಾನು ಗೇಟಿನ ಹತ್ತಿರವೇ ನಿಂತೆ. ನಾನು ಕೈ ಕೊಟ್ಟೆನೇ?

ಒಳಗೆ ಹೋಗಿ ಸುಧಾಳ ಫೋನು ತೆಗೆದೆ. ಅವಳು ಮೇಲೆ ದಡದಲ್ಲಿ ನಿಂತು ಮೊದಲಿಂದ ಕೊನೆಯವರೆಗೂ ವಿಡಿಯೊ ಮಾಡಿದ್ದಳು. ಎರಡು ಸಲ ನೋಡಿದೆ. ನಿಲ್ಲಿಸಿ ನಿಲ್ಲಿಸಿ ನೋಡಿದೆ. ದೀಪಾ ನನ್ನಿಂದ ನಾಲ್ಕಡಿ ದೂರದಲ್ಲಿ ಒಬ್ಬಳೇ ತೇಲುತ್ತಿದ್ದಾಳೆ. ನಾನು ಎನ್ನುವ ಆ ಬೋಳುತಲೆಯ ಮನುಷ್ಯ ಕಣ್ಣು ಮುಚ್ಚಿಕೊಂಡಿದ್ದಾನೆ. ಅವನ ಎರಡೂ ಕೈ ಹಗ್ಗದ ಮೇಲಿವೆ. ಒಂದು ಕ್ಷಣವೂ ಬಿಟ್ಟಿಲ್ಲ.

“ಅಪ್ಪ, ಅಮ್ಮನ ಫೋನಲ್ಲಿರೋ ಆ ವಿಡಿಯೊ ನಂಗೆ ಕಳಿಸಿ. ಸ್ಟೇಟಸ್ ಹಾಕ್ಬೇಕು” ಎನ್ನುತ್ತಾ ಮಗಳು ಒಳಗೆ ಬಂದಳು.

ಈಗ ನೀವೇ ಹೇಳಿ, ಸಾಕ್ಷಿಯನ್ನು ಕಳಿಸಲೋ, ಅಳಿಸಲೋ?