ಹೆಂಡತಿಯ ಅಳತೆಯ ಬೋನು

ನಮ್ಮ ದೊಡ್ಡಮ್ಮ ಆಳು ಗಿಡ್ಡ, ಬಾಯಿ ಉದ್ದ. ಆಸ್ಪತ್ರೆಯ ಹಾಸುಬಟ್ಟೆಗಳನ್ನು ನದಿಯ ಮೆಟ್ಟಿಲಲ್ಲಿ ಒಗೆಯುವುದು ಅವಳ ಕೆಲಸ. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವಳದೇ ಅಭಿಪ್ರಾಯ, ನನ್ನದೂ ಅದೇ. ರಕ್ತದ ಕಲೆಯೋ ಔಷಧಿಯ ಕಲೆಯೋ, ಅವಳ ಕೈಗೆ ಸಿಕ್ಕಿದ ಮೇಲೆ ಉಳಿಯುತ್ತಿರಲಿಲ್ಲ. ಮೊಸಳೆ ಅವಳ ಕಾಲು ಹಿಡಿದದ್ದು ಅದೇ ಮೆಟ್ಟಿಲಲ್ಲಿ.

ಕೈಯಲ್ಲಿದ್ದ ಒದ್ದೆ ಬಟ್ಟೆಯ ಮುದ್ದೆಯಿಂದ ಅದರ ಮೂತಿಗೆ ಬಾರಿಸಿ ಬಿಡಿಸಿಕೊಂಡು ಬಂದಳು. ಕಾಲಿನ ಕಿರುಬೆರಳೂ ಅದರ ಪಕ್ಕದ್ದೂ ನದಿಯ ಪಾಲಾದವು. ಗಾಯ ಮಾಯಿತು, ಭಯ ಮಾಯಲಿಲ್ಲ. ಆಮೇಲೆ ಅವಳು ನದಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಹಿತ್ತಲ ನಲ್ಲಿಯಲ್ಲಿ ಬರುವ ನೂಲಿನಂಥ ನೀರಿಗೆ ಆ ಬಟ್ಟೆಗಳು ಬಗ್ಗಲಿಲ್ಲ, ಹಳದಿ ತಿರುಗಿದವು. ಹೀಗೇ ಆದರೆ ಯಂತ್ರದವರಿಗೆ ಕೊಟ್ಟುಬಿಡುತ್ತೇವೆ ಎಂದು ಆಸ್ಪತ್ರೆಯ ಮೇಲ್ವಿಚಾರಕಿ ಹೇಳಿಕಳಿಸಿದರು. ದೊಡ್ಡಮ್ಮ ಅದಕ್ಕೂ ಬಾಯಿ ತೆರೆಯಲಿಲ್ಲ. ಜಗಳವಾಡದ ದೊಡ್ಡಮ್ಮನನ್ನು ನೋಡಿ ನನಗೆ ನಿಜಕ್ಕೂ ಹೆದರಿಕೆಯಾಯಿತು.

ಊರಿನವರಿಗೆ ಮೊಸಳೆಯನ್ನು ಕೊಲ್ಲುವ ಉತ್ಸಾಹ. ಅರಣ್ಯ ಇಲಾಖೆಯವರು ಹಿಂದೊಮ್ಮೆ ಅದನ್ನು ಹಿಡಿದು ದೂರದ ಅಣೆಕಟ್ಟೆಯ ನೀರಿಗೆ ಬಿಟ್ಟಿದ್ದರು. ಅದು ತವರಿಗೆ ಬರುವ ಮಗಳ ಹಾಗೆ ದಾರಿ ಹುಡುಕಿಕೊಂಡು ವಾಪಸು ಬಂತು. ಬಾರದೆ ಏನು ಮಾಡೀತು? ನದಿಯ ಮೇಲಿನ ತಿರುವಿನ ಮರಳೆಲ್ಲ ಲಾರಿ ಹತ್ತಿ ಹೋಗಿದೆ, ಮೊಟ್ಟೆಯಿಡಲು ಉಳಿದಿರುವುದು ನಮ್ಮ ಮೆಟ್ಟಿಲ ಪಕ್ಕದ ದಿಬ್ಬ ಒಂದೇ. ಸಾಲದ್ದಕ್ಕೆ ಮಾಂಸದಂಗಡಿಯವರು ದಿನಾ ಕರುಳು ಎಸೆದು ಅದನ್ನು ಊಟಕ್ಕೆ ಕರೆಯುತ್ತಾರೆ. ಕರೆದವರೂ ನಾವೇ, ಬಂದದ್ದಕ್ಕೆ ಬೈಯುವವರೂ ನಾವೇ. ಈ ಮಾತು ಹೇಳಿದರೆ ಊರಲ್ಲಿ ನನ್ನನ್ನೇ ಮೊಸಳೆಯ ನೆಂಟ ಅನ್ನುತ್ತಾರೆ, ಅನ್ನಲಿ.

ದೊಡ್ಡಪ್ಪ ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಮಾಡುವವರು, ಮಾತು ಬಲು ಕಡಿಮೆ. ಒಂದು ದಿನ ದೊಡ್ಡಮ್ಮನ ತಲೆಯ ಮೇಲೆ ಬಟ್ಟೆಗಂಟು ಹೊರಿಸಿ ಹಿತ್ತಲ ಬಾಗಿಲಲ್ಲಿ ನಿಲ್ಲಿಸಿದರು.

"ಬಾಗಿಲು ಚಿಕ್ಕದಾಯ್ತೇನೋ ಅನ್ನಿಸ್ತಿದೆ, ಸ್ವಲ್ಪ ನಿಂತ್ಕೋ," ಎಂದು ದಾರ ಹಿಡಿದು ಅಳತೆ ತೆಗೆದುಕೊಂಡರು. ನದಿಯಲ್ಲಿ ನೀರು ತಗ್ಗಿದಾಗ ಕೊನೆಯ ಮೆಟ್ಟಿಲುಗಳನ್ನೂ ಒಗೆಯುವ ಕಲ್ಲನ್ನೂ ಸುತ್ತುವರಿದು ಸರಳುಗಳನ್ನು ಆಳಕ್ಕೆ ನೆಟ್ಟರು. ದಡದ ಕಡೆಯಿಂದಲೂ ಮೊಸಳೆ ನುಗ್ಗಬಾರದೆಂದು ಅತ್ತ ಒಂದೇ ಒಂದು ಕಿರಿದಾದ ಬಾಗಿಲು ಇಟ್ಟರು.

ಊರಿಗೆ ಊರೇ ನಕ್ಕಿತು. ಮೊಸಳೆಗೆ ಬೋನು ಮಾಡೋದು ಬಿಟ್ಟು ಹೆಂಡತಿಗೆ ಮಾಡಿದಾನೆ ಎಂದರು. ದೊಡ್ಡಮ್ಮನಿಗೆ ಆಗ ಬಾಯಿ ಬಂತು.

"ಅದು ಹೊರಗೆ ಆರಾಮಾಗಿ ಓಡಾಡ್ಕೊಂಡಿರ್ಲಿ, ನಾನು ಒಳಗೆ ಕೂತಿರ್ಲಾ? ನಾನು ಇಳಿಯಲ್ಲ ರೀ. ಬೇಕಾದ್ರೆ ನೀವೇ ಹೋಗಿ ಕೂತ್ಕೊಳ್ಳಿ."

ಬೋನು ಬಿಸಿಲಿಗೆ ಕಾಯುತ್ತಾ ಖಾಲಿ ನಿಂತಿತು. ಬೇಸಿಗೆ ಮುಗಿಯುವ ಹೊತ್ತಿಗೆ ದಿಬ್ಬದ ಮೊಟ್ಟೆಗಳು ಒಡೆದವು. ಅಂಗೈಯಗಲದ ಸಂದಿನಲ್ಲಿ ದೊಡ್ಡ ಮೊಸಳೆ ತೂರುವುದಿಲ್ಲ ಎಂದು ಲೆಕ್ಕ ಹಾಕಿದ್ದ ದೊಡ್ಡಪ್ಪ ಮರಿಗಳನ್ನು ಮರೆತಿದ್ದರು. ಅವು ಸಲೀಸಾಗಿ ಒಳಗೆ ನುಸುಳಿದವು. ಒಳಗೆ ಸಣ್ಣ ಮೀನು ಬೇಕಾದಷ್ಟು, ಕಾಡುವ ದೊಡ್ಡ ಮೀನು ಒಂದೂ ಇಲ್ಲ. ಯಾವ ಮರಿ ತಾನೇ ಹೊರಗೆ ಹೋದೀತು? ತಾಯಿ ಹೊರಗಿನಿಂದ ಸರಳಿಗೆ ಮೂತಿ ಗುದ್ದತೊಡಗಿತು. ಮೊಸಳೆಯನ್ನು ಮೆಟ್ಟಿಲಿನಿಂದ ದೂರವಿಡಲು ಮಾಡಿದ ಬೋನು ಅದನ್ನು ಮೆಟ್ಟಿಲಿಗೇ ಕಟ್ಟಿಹಾಕಿತ್ತು.

ಜನ ಕಲ್ಲು ಹಿಡಿದು ಬಂದರು. ದೊಡ್ಡಪ್ಪ ಕಬ್ಬಿಣ ಕತ್ತರಿಸುವ ಯಂತ್ರ ಹೊತ್ತು ತಂದರು. ಬೋನು ಹೋಗುತ್ತದೆ ಎಂದು ಕೇಳಿ ದೊಡ್ಡಮ್ಮನೂ ಬಂದು ದಡದ ಮೇಲೆ ನಿಂತಳು. ಅಷ್ಟರಲ್ಲಿ ಇಲಾಖೆಯ ಗಾರ್ಡ್ ಓಡಿಬಂದು, ಕಲ್ಲು ಕೆಳಗಿಡಿಸಿ, ಮರಿಗಳನ್ನು ತಾನೇ ತೆಗೆಯುತ್ತೇನೆಂದು ಬಾಗಿಲಿಗೆ ನುಗ್ಗಿದರು. ತಲೆ ಹೋಯಿತು, ಹೆಗಲು ಹೋಯಿತು, ಹೊಟ್ಟೆ ಮಾತ್ರ ಒಪ್ಪಲಿಲ್ಲ. ಇಬ್ಬರು ಹಿಡಿದು ಎಳೆದ ಮೇಲೆ ಹೊರಬಂದರು.

"ಯಾರಿಗೆ ಅಂತ ಮಾಡಿದ್ರಿ ಈ ಬಾಗಿಲು?" ಎಂದು ಗಾರ್ಡ್ ಕೇಳಿದರು. ದೊಡ್ಡಪ್ಪ ದೊಡ್ಡಮ್ಮನ ಕಡೆ ನೋಡಿದರು.

ದೊಡ್ಡಮ್ಮ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು. "ಅವತ್ತು ಹಿತ್ತಲಲ್ಲಿ ನಿಲ್ಲಿಸಿದ್ದು ಇದಕ್ಕಾ?"

"ಹೂಂ."

"ಗಂಟು ಸಮೇತ ಅಳತೆ ತಗೊಂಡಿದೀರಿ."

"ಗಂಟಿಲ್ಲದೆ ನೀನು ಯಾವತ್ತು ನದಿಗೆ ಹೋಗಿದ್ದೆ?"

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಬಾಗಿಲು ಅವಳಿಗೆ ಹೇಳಿ ಹೊಲಿಸಿದ ರವಿಕೆಯ ಹಾಗೆ ಸರಿಹೋಯಿತು. ನೀರಿಗೆ ಇಳಿಯುವ ಮೊದಲು ಎರಡು ಸಲ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಹಿಡೀರಿ ಅಮ್ಮಾ," ಎಂದು ಗಾರ್ಡ್ ಹೊರಗಿನಿಂದ ತಮ್ಮ ಟವೆಲು ಎಸೆದು ಹೇಳಿದರು.

ಮೊದಲ ಮರಿ ನಾಯಿಮರಿಯ ಹಾಗೆ ಕುಯ್‌ಗುಟ್ಟಿದ್ದೇ ತಡ, ತಾಯಿ ಸರಳಿಗೆ ಅಪ್ಪಳಿಸಿತು. ಬೋನೆಲ್ಲ ಅದುರಿತು. ಬೆಸುಗೆ ಬಿಡಲಿಲ್ಲ. ದೊಡ್ಡಮ್ಮ ಸರಳಿನಾಚೆಯ ಆ ಮುಖವನ್ನೇ ನೋಡಿ ಬೈಯಲು ಶುರುಮಾಡಿದಳು.

"ತಡ್ಕೊಳೇ ಸ್ವಲ್ಪ. ನಿನ್ನ ಮಕ್ಕಳನ್ನ ನಿನಗೇ ಕೊಡ್ತಿರೋದು. ನನ್ನ ಬೆರಳು ತಿಂದೋಳು ನೀನು, ನಾನೇನು ನಿನ್ನ ಮಕ್ಕಳನ್ನ ತಿಂತಿದೀನಾ?"

ಬೈಯುತ್ತಲೇ ಒಂದೊಂದಾಗಿ ಹಿಡಿದಳು, ಬೈಯುತ್ತಲೇ ಬಾಗಿಲಲ್ಲಿ ಗಾರ್ಡ್ ಹಿಡಿದಿದ್ದ ಪ್ಲಾಸ್ಟಿಕ್ ತೊಟ್ಟಿಗೆ ಹಾಕಿದಳು. ಎಷ್ಟೋ ತಿಂಗಳ ಬೈಗುಳ ಬಾಕಿ ಇತ್ತು, ಎಲ್ಲ ಅದಕ್ಕೇ ಸಂದಿತು. ಗಾರ್ಡ್ ತೊಟ್ಟಿ ಹೊತ್ತು ಕೆಳಗಿನ ಜೊಂಡಿನ ಕಡೆ ದಡದಲ್ಲೇ ನಡೆದರು. ಮರಿಗಳ ಕೂಗಿಗೆ ತಾಯಿ ತಿರುಗಿ ನೀರಿನಲ್ಲಿ ಅವರ ಜೊತೆಜೊತೆಗೇ ಹೋಯಿತು. ಜನರೂ ನೋಡಲು ಹಿಂದೆ ಹೋದರು.

ಮೆಟ್ಟಿಲಲ್ಲಿ ಉಳಿದವರು ನಾವು ಮೂವರೇ. ದೊಡ್ಡಮ್ಮ ಸೊಂಟಮಟ್ಟದ ನೀರಲ್ಲಿ ನಿಂತಿದ್ದಳು.

"ಆಯ್ತಲ್ಲ, ಮೇಲೆ ಬಾ," ಎಂದರು ದೊಡ್ಡಪ್ಪ. "ನನ್ನ ಲೆಕ್ಕ ತಪ್ಪಿತು. ಇವತ್ತೇ ಕತ್ತರಿಸಿ ತೆಗೀತೀನಿ."

ಅವಳು ಒಂದು ಸರಳನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು. ಅಲ್ಲಾಡಲಿಲ್ಲ.

"ಕತ್ತರಿಸಿದ್ರೆ ಕೈ ಮುರೀತೀನಿ. ಕೆಳಗಡೆ ಸಣ್ಣ ಜಾಲರಿ ಸುತ್ತಿ, ಸಾಕು. ಈಗ ಹೋಗಿ ಆಸ್ಪತ್ರೆ ಬಟ್ಟೆ ತನ್ನಿ."

ದೊಡ್ಡಪ್ಪ ಹೋಗಲಿಲ್ಲ. ಮುಖ ಮುಚ್ಚಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತರು, ಅವರ ಬೆನ್ನು ಅಲುಗುತ್ತಿತ್ತು.

"ಅಳೋದು ಆಮೇಲೆ ಅಳ್ರೀ," ಎಂದಳು ದೊಡ್ಡಮ್ಮ ನೀರೊಳಗಿಂದ. "ಬಿಸಿಲು ಇರೋವಾಗಲೇ ಒಣಗಬೇಕು."