ರಾಜಪ್ಪನಿಗೆ ಉಣಿಸಿದ ರತ್ನಮ್ಮ

ಬಾಡಿಗೆ ಮನೆ ಕೇಳಲು ಹೋದ ದಿನ ರತ್ನಮ್ಮನವರು ಬಾಗಿಲು ತೆರೆದದ್ದು ಒಂದೇ ಕೈಯಲ್ಲಿ. ಇನ್ನೊಂದು ಕೈಯಲ್ಲಿ ಸೆರಗಿನೊಳಗೆ ಏನನ್ನೋ ಕೂಸಿನಂತೆ ಎದೆಗೊತ್ತಿ ಹಿಡಿದಿದ್ದರು. ಸೆರಗು ಮಿಸುಕಿತು. ಮೊದಲು ಒಂದು ಗುಲಾಬಿ ಮೂಗು, ಆಮೇಲೆ ಇಡೀ ಒಂದು ಬಿಳಿ ಇಲಿ ಹೊರಬಂತು. ನಾನು ಮೆಟ್ಟಿಲಿಳಿದು ಹಿಂದಕ್ಕೆ ಹಾರಿದೆ. ಅವರು ನಗಲಿಲ್ಲ.

"ಹೆದರ್ಕೋಬೇಡಮ್ಮ, ತುಂಬಿದ ಬಸುರಿ ಇದು" ಅಂದರು.

ಹೊಸ ತಿಪ್ಪಸಂದ್ರದಲ್ಲಿ ಮನೆ ಮಾಲೀಕರು ಹೆಸರಿಗಿಂತ ಮೊದಲು ಕೇಳುವುದು ವೆಜ್ಜೋ ನಾನ್‌ವೆಜ್ಜೋ ಎಂದು. ಕಲಬುರಗಿ ಕಡೆಯಿಂದ ಬಂದ ನನಗೆ ಅಷ್ಟರಲ್ಲಾಗಲೇ ಅದು ಬಾಯಿಪಾಠವಾಗಿತ್ತು. "ನಾವು ತತ್ತಿ ಸೈತ ತಿನ್ನಂಗಿಲ್ಲರಿ" ಎಂದು ನಾನೇ ಮುಂದಾಗಿ ಹೇಳಿದೆ. ಅವರು, "ತಿಂದ್ರೂ ನಂಗೇನಿಲ್ಲ ಬಿಡು. ಮೇಲ್ಗಡೆ ಇರೋನು ಬರೀ ನಾನ್‌ವೆಜ್ಜೇ. ಆದ್ರೆ ಸೋಮವಾರ, ಶನಿವಾರ ಮುಟ್ಟಲ್ಲ" ಅಂದರು. ಮೇಲೆ ಯಾರೋ ಒಬ್ಬ ಬಾಡಿಗೆಯವನು ಇದ್ದಾನೆ, ಪರವಾಗಿಲ್ಲ ದೇವರು ದಿಂಡರು ಅನ್ನುವವನು ಎಂದುಕೊಂಡೆ. ಸಾಮಾನು ಇಳಿಸಿದ ಮೇಲೆ ತಿಳಿಯಿತು, ಅವನು ಹೆಬ್ಬಾವು.

ಅದರ ಹೆಸರು ರಾಜಪ್ಪ. ನಮ್ಮ ಕಾಡಿನದಲ್ಲ, ಆಫ್ರಿಕಾ ಕಡೆಯ ಗಿಡ್ಡ ಜಾತಿ. ಮಹಡಿ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿ ಬಿಂದಿಗೆ ಹೊರುವವರ ಸಿಂಬೆಯಂತೆ ಸುತ್ತಿಕೊಂಡು ಬಿದ್ದಿರುತ್ತಿತ್ತು. ಅದನ್ನು ಸಾಕಿದವನು ರತ್ನಮ್ಮನವರ ಮಗ ಕಿರಣ. ನಾವು ಆ ಮನೆಗೆ ಬರುವ ಮುಂಚಿನ ವರ್ಷ ಕೆ.ಆರ್. ಪುರದ ಹತ್ತಿರ ಅವನ ಬೈಕಿಗೆ ಲಾರಿ ಗುದ್ದಿತ್ತು. ಮಗಳು ಶೋಭಾ ಬಂದಾಗಲೆಲ್ಲ ಹಾವನ್ನು ಯಾರಿಗಾದರೂ ಕೊಟ್ಟುಬಿಡಮ್ಮ ಎನ್ನುತ್ತಿದ್ದಳು. ರತ್ನಮ್ಮನವರ ಉತ್ತರ ಒಂದೇ: "ಅವ್ನು ಬಿಟ್ಟೋಗಿರೋದ್ರಲ್ಲಿ ಉಸಿರಾಡೋದು ಇದೊಂದೇ ಕಣೇ."

ಹಾವಿಗೆ ಊಟ ಬೇಕಲ್ಲ? ಶಿವಾಜಿನಗರದ ಅಂಗಡಿಯೊಂದರಿಂದ ಒಂದು ಜೊತೆ ಬಿಳಿ ಇಲಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲೇ ತಂದಿದ್ದರಂತೆ. ನಾನು ನೋಡುವ ಹೊತ್ತಿಗೆ ಮಹಡಿಯ ಮೇಲೆ ಪ್ಲಾಸ್ಟಿಕ್ ಡಬ್ಬಗಳ ಸಾಲೇ ಇತ್ತು. ಒಂದರಲ್ಲಿ ಬಸುರಿಯರು, ಒಂದರಲ್ಲಿ ಬಾಣಂತಿಯರು, ಒಂದರಲ್ಲಿ ತುಂಟ ಗಂಡುಗಳು. ಈ ಬಡಾವಣೆ ಎದ್ದಿರುವ ನೆಲದಲ್ಲಿ ಒಂದು ಕಾಲಕ್ಕೆ ಅವರದೇ ರಾಗಿ ಹೊಲಗಳಿದ್ದವು. "ನಮ್ಮತ್ತೆ ರಾಗಿ ತಿನ್ನೋ ಇಲೀನ ಓಡ್ಸೋಕೆ ಕೋಲ್ ಹಿಡ್ಕೊಂಡೇ ಮುದುಕಿಯಾದ್ರು. ನಾನು ಕೂತ್ಕೊಂಡು ಇಲೀಗೇ ರಾಗಿ ಹಾಕ್ತಿದೀನಿ. ಮೇಲಿಂದ ನೋಡ್ತಿದ್ರೆ ಎದೆ ಎದೆ ಬಡ್ಕೊಂತಿರ್ತಾರೆ" ಎಂದು ನಗುತ್ತಿದ್ದರು. ಊರಿಂದ ತಂದ ಜೋಳವನ್ನು ನಾನೊಮ್ಮೆ ಕೊಟ್ಟೆ. ಅಂದಿನಿಂದ ಇಲಿಗಳು ರಾಗಿ ಕಂಡರೆ ಮುಖ ತಿರುಗಿಸತೊಡಗಿದವು. "ನೀನು ನನ್ನಿಲಿಗಳ್ನ ಕೆಡಿಸ್ಬಿಟ್ಟೆ ಗಿರಿಜಾ" ಎಂದು ಬೈದರು. ಹೊಲಿಗೆ ಅಂಗಡಿಯಿಂದ ನಾನು ತರುತ್ತಿದ್ದ ಬಟ್ಟೆ ಚೂರುಗಳೆಲ್ಲ ಆ ಬಾಣಂತಿಯರಿಗೇ ಹಾಸಿಗೆ.

ಆ ಬಾಣಂತನದಲ್ಲೇ ಒಮ್ಮೆ ಎಡವಟ್ಟಾಯಿತು. ಹೆತ್ತವಳಿಗೆ ಥಂಡಿಯಾಗಬಾರದೆಂದು ಮನೆಮಂದಿಗೆ ಮಾಡುವ ಹಾಗೆಯೇ ಡಬ್ಬದ ಹತ್ತಿರ ಕೆಂಡವಿಟ್ಟು ಸಾಂಬ್ರಾಣಿ ಹಾಕಿದರು. ಹೊಗೆಗೆ ಗಾಬರಿಬಿದ್ದ ಇಲಿ ತನ್ನ ಮರಿಗಳನ್ನು ತಾನೇ ತಿಂದುಹಾಕಿತು. ನಾನು ಮೇಲೆ ಹೋದಾಗ ರತ್ನಮ್ಮ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದರು. "ಕೊಲ್ಲೋಕೇ ಸಾಕ್ತಿದೀನಿ, ನಂಗೊತ್ತು. ಆದ್ರೂ ಹೆತ್ತೋಳ ಕೈಯಿಂದ ಹಂಗ್ ಹೋಗ್ಬಾರ್ದಿತ್ತು" ಅಂದರು. ನಾನು ಪಕ್ಕದಲ್ಲಿ ಕೂತೆ.

ರಾಜಪ್ಪನ ಊಟ ಭಾನುವಾರ. ಜೀವಂತ ಇಲಿಯನ್ನು ಅವರು ಎಂದೂ ಬಿಟ್ಟವರಲ್ಲ. ಕಿರಣ ಕಲಿಸಿದ್ದಂತೆ ಒಂದೇ ಕ್ಷಣದಲ್ಲಿ ಮುಗಿಸಿ, "ಶಿವಾ, ತಪ್ಪಾಯ್ತು" ಎಂದು ಕೆನ್ನೆ ತಟ್ಟಿಕೊಳ್ಳುತ್ತಿದ್ದರು. ಬಿಸಿನೀರಲ್ಲಿ ಬೆಚ್ಚಗೆ ಮಾಡಿ, ಎಲೆಯ ಮೇಲಿಟ್ಟು, ಮೊದಲು ಕಿರಣನ ಪಟದ ಮುಂದೆ ಹಿಡಿಯುತ್ತಿದ್ದರು, ಹಿರಿಯರಿಗೆ ಎಡೆ ಇಡುವ ಹಾಗೆ. ಆಮೇಲೆ ಇಕ್ಕಳದಲ್ಲಿ ಹಾವಿಗೆ. ಪಿತೃಪಕ್ಷದಲ್ಲಿ ಬೀದಿಯವರೆಲ್ಲ ಎಡೆ ಇಟ್ಟು ಕಾಗೆಗೆ ಕಾಯುತ್ತಿದ್ದರೆ ಇವರು ಮಹಡಿ ಹತ್ತುತ್ತಿದ್ದರು. "ಕಾಗೆ ಯಾರ್ ಮನೇದ್ ಬೇಕಾದ್ರೂ ತಿನ್ನತ್ತೆ. ಇವ್ನು ಉಂಡ್ರೆ ನನ್ಮಗ ಉಂಡಂಗೆ."

ಬಿಸಿನೀರಿನ ಪಾತ್ರೆ ಹಿಡಿದು ನಿಲ್ಲುವುದು ನನ್ನ ಕೆಲಸ. ಆದರೆ ಹಾವು ಬಾಯಿ ತೆರೆಯುವ ಹೊತ್ತಿಗೆ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. "ಉಂಡ ಕಣೇ!" ಎಂದು ಅವರು ಕೂಗಿದ ಮೇಲೇ ತೆರೆಯುತ್ತಿದ್ದೆ. ಅವರು ತಮ್ಮ ಊಟಕ್ಕೆ ತಟ್ಟೆ ಹಾಕಿಕೊಳ್ಳುತ್ತಿದ್ದದ್ದೂ ಆಮೇಲೆಯೇ.

ಕಳೆದ ದೀಪಾವಳಿಗೆ ಮುಂಚೆ, ಮೆಟ್ಟಿಲ ಕೆಳಗೆ ತುಕ್ಕು ಹಿಡಿದು ನಿಂತಿದ್ದ ಕಿರಣನ ಬೈಕನ್ನು ಶೋಭಾ ಹೇಳಿದಳೆಂದು ಗುಜರಿಯವನಿಗೆ ಕೊಟ್ಟರು. ಅದಾದ ಭಾನುವಾರ ರಾಜಪ್ಪ ಇಲಿಯನ್ನು ಮೂಸಿ ಮುಖ ತಿರುಗಿಸಿತು. ಮುಂದಿನ ವಾರವೂ ಅಷ್ಟೇ. ಈ ಜಾತಿಯ ಹಾವುಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುತ್ತವೆ, ಗಾಬರಿ ಬೇಡ ಎಂದು ಕಿರಣನ ಗೆಳೆಯನೊಬ್ಬ ಫೋನಿನಲ್ಲಿ ಹೇಳಿದ. ರತ್ನಮ್ಮನವರಿಗೆ ಅದು ಕಿವಿಗೇ ಬೀಳಲಿಲ್ಲ.

"ಚಳಿಯಲ್ಲ ಕಣೇ. ಗಾಡಿ ಕೊಟ್ಬಿಟ್ಟೆ ಅಂತ ಮುನಿಸ್ಕೊಂಡಿದಾನೆ. ಅವ್ನು ಉಣ್ಣೋವರ್ಗೂ ನಂಗೂ ಬೇಡ."

"ಅಮ್ಮಾ, ಸಕ್ಕರೆ ರೋಗದವರು ನೀವು. ಹಿಂಗ್ಯಾಕ ಮಾಡ್ಲಕತ್ತೀರಿ? ಹಾವಿಗಿ ಹಸಿವಿಲ್ರೀ, ನಿಮಗ ಅದ."

"ಮಗ ಹಸ್ಕೊಂಡಿರುವಾಗ ನಿನ್ ಗಂಟ್ಲಲ್ಲಿ ಇಳೀತಿತ್ತಾ?"

ನನಗೆ ಮಕ್ಕಳಿಲ್ಲ. ನಾನು ರೊಟ್ಟಿ ಒಯ್ದುಕೊಟ್ಟರೆ ನನ್ನ ಮುಖ ನೋಡಿ ಒಂದು ಚೂರು ಮುರಿಯುತ್ತಿದ್ದರು, ಉಳಿದದ್ದು ಇಲಿಗಳಿಗೆ. ಅನ್ನ ಬಿಟ್ಟರೂ ಮಾತ್ರೆ ಬಿಡಲಿಲ್ಲ. ಖಾಲಿ ಹೊಟ್ಟೆಗೆ ಸಕ್ಕರೆ ಇಳಿಸುವ ಮಾತ್ರೆ. ಸಂಕ್ರಾಂತಿ ಹತ್ತಿರವಿದ್ದಾಗ ಒಂದು ಬೆಳಿಗ್ಗೆ ಡಬ್ಬಗಳ ನಡುವೆ ಬಿದ್ದಿದ್ದರು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರೂ ಗಂಜಿಗೆ ಬಾಯಿ ಬಿಡಲಿಲ್ಲ. ಶೋಭಾ ಗೋಗರೆದು ಸಾಕಾಗಿ ಹೊರಗೆ ನಿಂತಿದ್ದಳು. ನಾನು ಹೋದೊಡನೆ ಕೇಳಿದರು, "ರಾಜಪ್ಪ ಉಂಡ್ನಾ?"

"ಉಂಡಾನ್ರೀ ಅಮ್ಮಾ. ಗಬಗಬಾ ಉಂಡಾನ" ಅಂದೆ.

ಅವರ ಕಣ್ಣು ಅರಳಿತು. "ಎತ್ಲಾಗಿಂದ ಹಿಡ್ದ?"

"ಬಾಲದ ಕಡೆಯಿಂದರಿ."

ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ನಕ್ಕರು. "ಅವ್ನು ಯಾವತ್ತೂ ತಲೆಯಿಂದ್ಲೇ ನುಂಗೋದು ಕಣೇ. ಇಷ್ಟ್ ದಿನ ಕಣ್ ಮುಚ್ಕೊಂಡೇ ನಿಂತಿದ್ಯಾ ನೀನು?" ನನಗೆ ಅಳು ತಡೆಯಲಾಗಲಿಲ್ಲ. ಅವರು ನನ್ನ ಕೈ ಹಿಡಿದು, "ಕೊಡು ಗಂಜಿ. ಸುಳ್ಳಾದ್ರೂ ನನ್ಮಗ ಉಂಡ ಅಂದ್ಯಲ್ಲ, ಅದ್ಕೆ ಕುಡೀತೀನಿ" ಅಂದರು. ಎರಡು ಚಮಚ ಕುಡಿದರು. ನಮ್ಮ ಕೊನೆಯ ಭೇಟಿ ಅದು. ಮರುದಿನ ಶೋಭಾ ಫೋನು ಮಾಡಿದಾಗ ನಾನು ಇಲಿಗಳಿಗೆ ಜೋಳ ಹಾಕುತ್ತಿದ್ದೆ.

ಬೇರೆ ಜಾಗ ಸಿಗುವವರೆಗೆ ನೀವೇ ನೋಡಿಕೊಳ್ಳಿ ಅಕ್ಕಾ ಎಂದು ಶೋಭಾ ಬೀಗದ ಕೈ ಕೊಟ್ಟಳು. ಇಲಿ ಮುಗಿಸುವ ಕೆಲಸ ನನ್ನಿಂದಾಗದೆಂದು ಭಾನುವಾರಗಳಂದು ಅವಳೇ ಬಂದು ಆ ಕೆಲಸ ಮಾಡಿ ಹೋಗುತ್ತಿದ್ದಳು. ರಾಜಪ್ಪ ಮುಟ್ಟಲಿಲ್ಲ. ಯುಗಾದಿ ಬಂತು, ಸೆಕೆ ಏರಿತು. ಹಬ್ಬದ ಮರುದಿನ ಹೊಸತೊಡಕು, ಇಡೀ ಬೀದಿಯಲ್ಲಿ ಮಾಂಸದ ಸಾರಿನ ಘಮ. ಶೋಭಾ ಅಂದೂ ಬಂದು ಇಲಿಯನ್ನು ಸಿದ್ಧಮಾಡಿಟ್ಟು, ತನ್ನ ಮನೆಯ ಅಡುಗೆಗೆಂದು ಓಡಿದಳು. ಪಟದ ಗೋಡೆಯಲ್ಲಿ ಈಗ ಇಬ್ಬರಿದ್ದರು. ಇಬ್ಬರಿಗೂ ತೋರಿಸಿ, ಇಕ್ಕಳ ಹಿಡಿದು, ಕಣ್ಣು ಮುಚ್ಚಬಾರದೆಂದು ಹಲ್ಲು ಕಚ್ಚಿ ನಿಂತೆ.

ಸಿಂಬೆ ಬಿಚ್ಚಿಕೊಂಡಿತು. ಒಂದೇ ಏಟಿಗೆ ಹಿಡಿಯಿತು.

ಎರಡು ತಿಂಗಳು ಮುಂಚೆ ತಿಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ ಎಂದು ಬೈದೆ, ಅತ್ತೆ. ಅದು ತನ್ನ ಪಾಡಿಗೆ ನಿಧಾನವಾಗಿ ನುಂಗುತ್ತಿತ್ತು. ಬಾಲದ ತುದಿ ಮರೆಯಾಗುವವರೆಗೂ ನೋಡಿದೆ. ಆಮೇಲೆ ಮೆಟ್ಟಿಲ ಹತ್ತಿರ ಹೋಗಿ, ಬೀಗ ಹಾಕಿದ್ದ ಅವರ ಬಾಗಿಲ ಕಡೆಗೆ ಬಗ್ಗಿ ಕೂಗಿದೆ:

"ಉಂಡಾನ್ರೀ ಅಮ್ಮಾ! ತಲಿ ಕಡೆಯಿಂದ್ಲೇ ಉಂಡಾನ."